ಏಳನೇ ಪ್ರಶ್ನೆಗೆ ನೂರು ಪದ

ಜನವರಿ 19, ಭಾನುವಾರ

ಬೆಳಿಗ್ಗೆ 5.10, ಎಡಗಡೆ, ಹನ್ನೊಂದು ನಿಮಿಷ. 6.40, ಬಲಗಡೆ, ಎಂಟು ನಿಮಿಷ, ನಡುವೆ ಎರಡು ಸೀನು. 8.05, ಎಡಗಡೆ, ನಾಲ್ಕು ನಿಮಿಷ, ಉಳಿದ ಹೊತ್ತು ಫ್ಯಾನ್ ನೋಡಿದಳು. ನಿದ್ದೆ: ಅವಳದು ನಲವತ್ತು ನಿಮಿಷ, ನನ್ನದು ಸೊನ್ನೆ.

ದಲಾಲಿ ಅಂಗಡಿಯವರು ಹೊಸ ವರ್ಷಕ್ಕೆ ಅತ್ತೆಗೆ ಕೊಟ್ಟ ಈ ಡೈರಿಯಲ್ಲಿ ಹಾಲಿನ ಹೊತ್ತು ಮಾತ್ರ ಬರೆಯಬೇಕೆಂದಿದ್ದೆ. ಆದರೆ ಹಾಳೆ ದೊಡ್ಡದು, ಕೂಸು ಸಣ್ಣದು, ಜಾಗ ಉಳಿಯುತ್ತದೆ.

ರಾಣೆಬೆನ್ನೂರಿನ ತವರಿನಲ್ಲಿ ಬಾಣಂತನ ಮುಗಿಸಿ ಬ್ಯಾಡಗಿಗೆ ಬಂದು ಇವತ್ತಿಗೆ ಒಂಬತ್ತು ದಿನ. ಕೂಸಿಗೆ ಐದೂವರೆ ತಿಂಗಳು. ತೊಟ್ಟಿಲಲ್ಲಿ ಇಟ್ಟ ಹೆಸರು ಧನಶ್ರೀ. ಅತ್ತೆ ಮಂಗಳವ್ವ ಕರೆಯುವುದು ಗುಂಡವ್ವ. ಕರೆಯಲಿ. ಎತ್ತಿಕೊಳ್ಳುವುದು ಮಾತ್ರ ಬೇಡ. ಅವರು ಮೂವತ್ತು ವರ್ಷದಿಂದ ಮೆಣಸಿನಕಾಯಿಯ ತೊಟ್ಟು ಮುರಿಯುವವರು. ಸಂಜೆ ಕೈಗೆ ಎಣ್ಣೆ ಹಚ್ಚಿ, ಸಾಬೂನು ಹಾಕಿ, ತಲೆಗೆ ಸ್ನಾನ ಮಾಡಿ, ಸೀರೆ ಬದಲಿಸಿ ಬಂದು ಕೈ ಚಾಚುತ್ತಾರೆ. ನಾನು ಆ ಕೈಯನ್ನು ಮೂಸಿ ನೋಡುತ್ತೇನೆ. ಅತ್ತೆಯ ಕೈ ಮೂಸುವ ಸೊಸೆ ಈ ಓಣಿಯಲ್ಲಿ ನಾನೊಬ್ಬಳೇ ಇರಬೇಕು. ಖಾರದ ಒಂದು ಕಣ ಕೂಸಿನ ಕಣ್ಣಿಗೆ ಹೋದರೆ?

"ಸಾಕಾತೇನು ವಾಸನಿ?" ಎಂದು ಕೇಳಿ ಸುಮ್ಮನೆ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮೊಬೈಲ್ ಮುಂದೆ ಹಿಡಿದರು. "ಇದನ್ನ ತುಂಬಬೇಕು ನೀನು. ನಮ್ಮ ಸೊಸಿ ಇಂಗ್ಲಿಷಿನಾಗ ಎಂ.ಎ. ಮಾಡ್ಯಾಳ ಅಂತ ಹೇಳಿ ಬಂದೇನಿ."

ಬೆಂಗಳೂರಿನ ಕಿರಾಣಿ ಅಂಗಡಿಗಳ ಒಂದು ಕಂಪನಿಯ ಅರ್ಜಿ. ಜಿಲ್ಲೆಯ ಮಹಿಳಾ ಗುಂಪುಗಳಲ್ಲಿ ಒಂದನ್ನು ಆರಿಸಿ ಖಾರಪುಡಿ ಮಾಡಿಸುತ್ತಾರಂತೆ. ಪ್ಯಾಕೆಟ್ಟಿನ ಮೇಲೆ ಮಾಡಿದವರ ಹೆಸರೇ ಇರುತ್ತದಂತೆ. ಅತ್ತೆಯ ಗುಂಪಿನಲ್ಲಿ ಏಳು ಜನ. ಇಷ್ಟು ವರ್ಷ ಊರಿನವರ ಕಾಯಿಗೆಲ್ಲ ತೊಟ್ಟು ಮುರಿದಿದ್ದಾರೆ, ಅವರ ಹೆಸರು ಎಲ್ಲಿಯೂ ಅಚ್ಚಾಗಿಲ್ಲ.

"ಅತ್ತಿ, ನನಗೀಗ ನನ್ನ ಹೆಸರು ಬರಿಯಾಕೂ ಎರಡು ಸಲ ಯೋಚನಿ ಮಾಡಬೇಕ್ರಿ."

"ಎರಡು ಸಲ ಮಾಡು. ತಿಂಗಳ ಕೊನೀ ತನಕ ಟೈಮ್ ಐತಿ."

ಜನವರಿ 21, ಮಂಗಳವಾರ

5.00, ಎಡ. 6.15, ಬಲ. 7.50, ಯಾವ ಕಡೆ ಎಂದು ಮರೆತೆ, ಅದಕ್ಕೆ ಅರ್ಧ ಗಂಟೆ ಗಾಬರಿ.

ಆರು ಪ್ರಶ್ನೆಗಳು ಸಲೀಸಾಗಿ ಆದವು. ಏಳನೆಯದು: ನಿಮ್ಮ ಸದಸ್ಯರ ನಡುವಿನ ಸಿನರ್ಜಿಯನ್ನು ನೂರು ಪದಗಳಲ್ಲಿ ವಿವರಿಸಿ.

ಸಿನರ್ಜಿ. ಗೊತ್ತಿರುವ ಪದ. ಕಾಲೇಜಿನಲ್ಲಿ ಎಷ್ಟೋ ಸಲ ಬರೆದು ಮಾರ್ಕ್ಸು ತೆಗೆದುಕೊಂಡಿದ್ದೇನೆ. ಇವತ್ತು ಅದರ ಎದುರು ಕೂತರೆ ಯಾರದೋ ಮದುವೆಯಲ್ಲಿ ಮಾತಾಡಿಸಿದ, ಹೆಸರು ನೆನಪಾಗದ ನೆಂಟರ ಹಾಗೆ ನಗುತ್ತದೆ. ಮೊದಲು ಹೀಗೆ ಬರೆದೆ: ನಮ್ಮ ಗುಂಪಿನಲ್ಲಿ ಬಹಳ ಸಿನರ್ಜಿ ಇದೆ. ಓದಿದರೆ, ನಮ್ಮ ಮನೆಯಲ್ಲಿ ಬಹಳ ಇಲಿಗಳಿವೆ ಎಂಬಂತೆ ಕೇಳಿಸಿತು. ಆಮೇಲೆ: ನಾವೆಲ್ಲ ಸಿನರ್ಜಿಯಿಂದ ಸಿನರ್ಜಿಗಾಗಿ ದುಡಿಯುತ್ತೇವೆ. ಇದು ಚುನಾವಣೆಗೆ ನಿಲ್ಲುವವರ ಮಾತು.

ಹೆರಿಗೆಯಲ್ಲಿ ನನ್ನ ತಲೆಯೊಳಗಿನ ಒಂದು ಕೋಣೆಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದೇನೆ ಎಂದು ಅನುಮಾನ. ಇವತ್ತು ಕಿರಾಣಿ ಅಂಗಡಿಯಲ್ಲಿ ನಿಂತಲ್ಲೇ ತೂಗುತ್ತ "ಲಾಲಾ" ಅನ್ನುತ್ತಿದ್ದೆ. ಕೈಯಲ್ಲಿದ್ದದ್ದು ಎರಡು ಕಿಲೋ ಗೋಧಿಹಿಟ್ಟು. ಕೂಸು ಬೆನ್ನಿಗಿತ್ತು, ಹೆಗಲ ಮೇಲಿಂದ ಇಣುಕಿ ನೋಡುತ್ತಿತ್ತು.

ಜನವರಿ 22, ಬುಧವಾರ

ನಿದ್ದೆ ಇಲ್ಲ. ಹಾಲು ಹನ್ನೊಂದು ಸಲ. ಸಿನರ್ಜಿ ಸೊನ್ನೆ.

ಜನವರಿ 24, ಶುಕ್ರವಾರ

5.20, 7.00, 8.30.

ಧೈರ್ಯ ಮಾಡಿ ರಾಣೆಬೆನ್ನೂರಿನ ಅಣ್ಣಾಜಿ ಸರ್‌ಗೆ ಫೋನ್ ಮಾಡಿದೆ. ನನಗೆ ಬಿ.ಎ.ಯಲ್ಲಿ ಇಂಗ್ಲಿಷ್ ಕಲಿಸಿದವರು, ನಿವೃತ್ತರಾಗಿ ಆರು ವರ್ಷವಾಯಿತು. ಪ್ರಶ್ನೆ ಕೇಳಿದ ಕೂಡಲೇ ಅವರ ದನಿಗೆ ಹುರುಪು ಬಂತು.

"ಮೇಘಾ, ಆ ಪದ ಭಾಳ ಮಂದಿ ಹಾಳು ಮಾಡ್ಯಾರ. ಸಹಕಾರಕ್ಕೂ ಅದನ್ನೇ ಅಂತಾರ, ಸ್ನೇಹಕ್ಕೂ ಅದನ್ನೇ ಅಂತಾರ. ನೀ ಬರದ ವಾಕ್ಯದಾಗ ಅದನ್ನ ತಗದು 'ಕೂಡಿ' ಅಂತ ಹಾಕಿ ನೋಡು. ಅರ್ಥ ಹಂಗೇ ಉಳೀತಂದ್ರ ಅದಕ್ಕ ಅಲ್ಲೇನೂ ಕೆಲಸಿಲ್ಲ ಅಂತ ತಿಳಿ."

"ಮತ್ತ ಯಾವಾಗ ಹಾಕಬೇಕ್ರಿ ಸರ್?"

"ಎರಡು ಸೇರಿ ಎರಡಾತು ಅಂದ್ರ ಅದು ಬರೀ ಕೂಡಿಸೋ ಲೆಕ್ಕ. ಎರಡು ಸೇರಿ ಮೂರಾತು ಅಂದ್ರ ಅದು ಸಿನರ್ಜಿ. ಯಾವ್ಯಾವುದರ ನಡುವ ಅಂತ ಹೇಳು, ಹೆಚ್ಚಿಗಿ ಬಂದ ಆ ಒಂದು ಯಾವುದು ಅಂತ ತೋರಿಸು. ತೋರಿಸಲಿಕ್ಕೆ ಆಗಲಿಲ್ಲಂದ್ರ ಬರೀಬ್ಯಾಡ." ಆಮೇಲೆ ತಡೆದು, "ಕೂಸು ಅಳಲಿಕ್ಕೆ ಹತ್ತೇದಲ್ಲ?" ಎಂದರು.

ಅಳುತ್ತಿದ್ದದ್ದು ಕೂಸಲ್ಲ. ಹಾಗೆಂದು ಹೇಳಲಿಲ್ಲ. ನೆಗಡಿ ಎಂದೆ.

ಜನವರಿ 26, ಭಾನುವಾರ

ಹಾಲು ಬೆಳಿಗ್ಗೆಯಿಂದ ಏಳು ಸಲ. ಹೊತ್ತು ಬರೆಯಲು ಪುರುಸೊತ್ತಿಲ್ಲ, ಏಕೆಂದರೆ ಸಿಕ್ಕಿತು, ಸಿಕ್ಕಿತು, ಸಿಕ್ಕಿತು.

ಎರಡು ದಿನದಿಂದ ಎಲ್ಲೆಲ್ಲಿಯೂ ಸಿನರ್ಜಿಯನ್ನೇ ಹುಡುಕುತ್ತಿದ್ದೇನೆ. ಸೂಜಿ ಮತ್ತು ದಾರ: ಹೌದು. ಬಕೆಟ್ಟು ಮತ್ತು ಮಗ್ಗು: ಇಲ್ಲ. ರೊಟ್ಟಿ ಮತ್ತು ಬದನೆಯ ಎಣಗಾಯಿ: ಹೌದು, ಮೂರಲ್ಲ, ನಾಲ್ಕು. ನಾನು ಮತ್ತು ಇವರು? ಇವರು, ಎಂದರೆ ಮಾಲತೇಶ, ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುತ್ತಾರೆ. ಕೇಳಿದೆ.

"ನಾವಿಬ್ರು ಸೇರಿ ಮೂರಾಗೇವಿ, ತೊಟ್ಟಿಲ ನೋಡು," ಎಂದರು. ಆಮೇಲೆ, "ಸ್ವಲ್ಪ ಮಲಕೋ, ನಾ ಹಿಡೀತೇನಿ" ಎಂದರು. ಕೊಡಲಿಲ್ಲ. ಅವರು ಕತ್ತಿನ ಕೆಳಗೆ ಕೈ ಕೊಡುವ ರೀತಿ ಸರಿಯಿಲ್ಲ.

ಸಿಕ್ಕಿದ್ದು ಒಗ್ಗರಣೆ ಹಾಕುವಾಗ. ನಾನು ಸಾರಿಗೆ ಬಣ್ಣಕ್ಕೆಂದು ಬ್ಯಾಡಗಿ ಕಾಯಿಯ ಪುಡಿ, ಖಾರಕ್ಕೆಂದು ಗುಂಟೂರು ಕಾಯಿಯ ಪುಡಿ ಹಾಕುತ್ತೇನೆ. ತವರಿನಲ್ಲಿ ಅವ್ವನೂ ಹಾಗೇ. ಒಂದರಲ್ಲಿ ಕೆಂಪಿದೆ, ಖಾರವಿಲ್ಲ. ಇನ್ನೊಂದರಲ್ಲಿ ಖಾರವಿದೆ, ಆ ಕೆಂಪಿಲ್ಲ. ಎರಡೂ ಸೇರಿದರೆ? ಕೂಸನ್ನು ಸೊಂಟಕ್ಕೇರಿಸಿಕೊಂಡೇ ಒಂದೇ ಕೈಯಲ್ಲಿ ಟೈಪ್ ಮಾಡಿದೆ. ಬ್ಯಾಡಗಿಯ ಬಣ್ಣಕ್ಕೆ ಗುಂಟೂರಿನ ಖಾರ ಸೇರಿದಾಗ ಹೇಗೋ, ಹಾಗೆಯೇ ನಮ್ಮ ಏಳು ಮಂದಿಯ ಸಿನರ್ಜಿ. ಸರಿಯಾಗಿ ತೊಂಬತ್ತೆಂಟು ಪದ. ಏಳೂ ಜನರ ಸಹಿ ಮೊದಲೇ ಆಗಿತ್ತು. ಕಳಿಸಿಬಿಟ್ಟೆ.

ಆ ಕೋಣೆ ಆಸ್ಪತ್ರೆಯಲ್ಲಿ ಇಲ್ಲ. ನನ್ನ ತಲೆಯಲ್ಲೇ ಇದೆ, ಬೀಗ ಬಿದ್ದಿತ್ತು ಅಷ್ಟೇ. ಸಂತೋಷಕ್ಕೆ ಒಲೆಯ ಮುಂದೆ ಒಂದು ಸುತ್ತು ತಿರುಗಿದೆ. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು, ಯಾರೂ ಏನೂ ಅನ್ನಲಿಲ್ಲ.

ಜನವರಿ 27, ಸೋಮವಾರ

ಇವತ್ತು ಪೇಟೆಯ ದಿನ. ಬೆಳಗಿನಿಂದ ಲಾರಿಗಳು. ಓಣಿಗೆಲ್ಲ ಸೀನು.

ಹನ್ನೊಂದಕ್ಕೆ ಖತೀಜಾಬಿ ಬಂದರು. ಎರಡು ಮನೆ ಆಚೆಯವರು. ಗುಂಪಿನಲ್ಲಿ ಅತ್ತೆಯ ಜೋಡಿ, ಜಗಳಕ್ಕೂ ಜೋಡಿ. ನಾನು ಖಾಲಾ, ಎಂದರೆ ಚಿಕ್ಕವ್ವ, ಎನ್ನುತ್ತೇನೆ. "ನಮ್ಮ ಬಗ್ಗೆ ಏನು ಬರದಿ, ಕನ್ನಡದಾಗ ಹೇಳು ಕೇಳೂಣು," ಎಂದು ಹೊಸ್ತಿಲಲ್ಲಿ ಕೂತರು. ಓದಿದೆ. ಏಳನೆಯದನ್ನು ಸ್ವಲ್ಪ ರಾಗ ಹಾಕಿಯೇ ಓದಿದೆ.

ಅಷ್ಟರಲ್ಲಿ ಅತ್ತೆಯೂ ಒಳಗಿನಿಂದ ಬಂದು ನಿಂತಿದ್ದರು.

"ಗುಂಟೂರು ಅಂತ ಬರದೀಯೇನು?" ಎಂದರು ಖಾಲಾ.

"ಹೋಲಿಕೀಗೆ ಅಷ್ಟೇ, ಖಾಲಾ."

"ಮಂಗಳಕ್ಕಾ, ಕೇಳಿದಿ? ಬ್ಯಾಡಗಿಯೊಳಗ ಕುಂತು, ಬ್ಯಾಡಗಿ ಖಾರಪುಡಿ ಮಾರ್ತೇವಿ ಅಂತ ಹೇಳಿ, ನಾವು ಮಿಶ್ರಾ ಮಾಡ್ತೇವಿ ಅಂತ ಬರದು ಏಳು ಮಂದಿ ಸಹಿ ಹಾಕೇವಿ."

ಆಗ ತಿಳಿಯಿತು. ಮನೆಯ ಒಲೆಯ ಮೇಲೆ ಯಾರು ಬೇಕಾದರೂ ಬೆರೆಸಲಿ. ಮಾರುವ ಪುಡಿಗೆ ಬ್ಯಾಡಗಿ ಎಂಬ ಹೆಸರಿಟ್ಟು ಅದರೊಳಗೆ ಬೇರೆ ಕಾಯಿ ಸೇರಿಸುವುದು ಇಲ್ಲಿ ಕಳ್ಳತನಕ್ಕಿಂತ ಕಡೆ. ರಾಣೆಬೆನ್ನೂರಿನಲ್ಲಿ ಹುಟ್ಟಿದ ನಾನು ಅದನ್ನೇ ಗುಂಪಿನ ದೊಡ್ಡ ಗುಣವೆಂದು ಬರೆದು ಕಳಿಸಿದ್ದೇನೆ, ತೊಂಬತ್ತೆಂಟು ಪದಗಳಲ್ಲಿ, ವ್ಯಾಕರಣ ದೋಷವಿಲ್ಲದೆ.

ಅತ್ತೆ ಬೈಯಲಿಲ್ಲ. "ಉಂಡೀಯೇನು?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 28, ಮಂಗಳವಾರ

ತಿದ್ದುಪಡಿಗೆ ಅವಕಾಶ ಕೊಡಿ ಎಂದು ಕಂಪನಿಗೆ ಮೇಲ್ ಕಳಿಸಿದೆ. ಅರ್ಧ ನಿಮಿಷದಲ್ಲಿ ಉತ್ತರ, ಯಂತ್ರದ್ದು: ನಿಮ್ಮ ಉತ್ಸಾಹಕ್ಕೆ ಧನ್ಯವಾದ, ಕಳಿಸಿದ ಅರ್ಜಿಯನ್ನು ಬದಲಿಸಲಾಗದು.

ಕೂಸು ಅತ್ತಿತು, ನಾನೂ ಅತ್ತುಬಿಟ್ಟೆ. ಇದು ಕೂಡಿಸುವ ಲೆಕ್ಕ ಮಾತ್ರ.

ಜನವರಿ 30, ಗುರುವಾರ

ಏಳೂ ಜನರ ಮುಂದೆ ತಪ್ಪೊಪ್ಪಿಕೊಳ್ಳೋಣವೆಂದು, ಗುಂಪು ಕೆಲಸ ಮಾಡುವ ಖಾಲಾನ ಮಾಳಿಗೆ ಹತ್ತಿದೆ. ಕೂಸಿಗೆ ಟೋಪಿ, ಮೂಗಿಗೆ ತೆಳು ಬಟ್ಟೆ, ಮೇಲೆ ನನ್ನ ಸೆರಗು. ಕೂಸು ಪಾರ್ಸಲ್ಲಿನ ಹಾಗೆ ಕಾಣುತ್ತಿತ್ತು. ಗಾಳಿ ಬರುವ ಕಡೆಗೆ ನನ್ನನ್ನು ಕೂರಿಸಿದರು. ಅಲ್ಲಿಗೆ ಘಾಟು ಬರಲೇ ಇಲ್ಲ. ಕ್ಷಮೆ ಕೇಳಿದೆ. "ಆತು ಬಿಡು," ಎಂದು ಮತ್ತೆ ಕಾಯಿಗೆ ಕೈ ಹಾಕಿದರು. ಎದ್ದು ಬರಬೇಕಿತ್ತು. ಬಿಸಿಲು ಹಿತವಾಗಿತ್ತು, ಕೂತೆ.

ಅತ್ತೆ ಮತ್ತು ಖಾಲಾ ಎದುರುಬದುರು ಕೂತು ಕಾಯಿ ಆರಿಸುತ್ತಿದ್ದರು, ಜಗಳದ ಜೊತೆಗೆ. ಇಷ್ಟು ದಿನ ಆ ದನಿಗಳು ಮನೆಯೊಳಗೆ ಕೇಳಿದರೆ ಕೂಸು ಬೆಚ್ಚುತ್ತದೆಂದು ಕಿಟಕಿ ಮುಚ್ಚುತ್ತಿದ್ದೆ. ಹತ್ತಿರ ಕೂತಾಗ ಗೊತ್ತಾಯಿತು: ಮೂವತ್ತು ವರ್ಷದ ಖಾರಕ್ಕೆ ಅತ್ತೆಯ ಮೂಗು ಸತ್ತಿದೆ, ಯಾವ ವಾಸನೆಯೂ ಹತ್ತುವುದಿಲ್ಲ. ಖಾಲಾನ ಎರಡೂ ಕಣ್ಣಿಗೆ ಪೊರೆ. ಒಬ್ಬರು ಕಾಯಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಇನ್ನೊಬ್ಬರು ಮೂಗಿಗೆ ಹಿಡಿಯುತ್ತಾರೆ.

"ಇದು ಚಲೋ ಐತಿ," ಎಂದರು ಅತ್ತೆ.

"ಏನು ಚಲೋ. ಹಸೀ ಚೀಲದ ವಾಸನಿ ಬರ್ತೈತಿ."

"ಹೌದು, ಬೀಜ ಸ್ವಲ್ಪ ಮೆತ್ತಗ ಸಪ್ಪಳಾ ಮಾಡಾಕತ್ತಾವ. ಮಂಜು ಬಿದ್ದಿರಬೇಕಂತ ಬಿಟ್ಟಿದ್ದೆ."

"ನಾನೂ ಚೀಲದ್ದೇ ವಾಸನಿ ಇರಬೇಕಂತ ಬಿಡ್ತಿದ್ದೆ. ಮುರಿ ನೋಡೂಣು."

ಮುರಿದರು. ಹೊರಗೆ ರೇಷ್ಮೆಯಂಥ ಕೆಂಪು, ಒಳಗೆ ಬೂದು ಬೂಷ್ಟು. ಇಬ್ಬರಲ್ಲಿ ಯಾರೊಬ್ಬರೇ ಇದ್ದಿದ್ದರೂ ಆ ಕಾಯಿ ಗಿರಣಿಗೆ ಹೋಗುತ್ತಿತ್ತು.

ನನ್ನ ಮೈಯಲ್ಲಿ ಕರೆಂಟು ಹರಿಯಿತು. ಒಂದು ಬುಟ್ಟಿ ಕಾಯಿ ತರಿಸಿದೆ. ಅತ್ತೆಯೊಬ್ಬರೇ ಆರಿಸಬೇಕು, ಕೆಟ್ಟದ್ದನ್ನು ನನಗೆ ತೋರಿಸಿ ಮತ್ತೆ ಬುಟ್ಟಿಗೆ ಹಾಕಬೇಕು. ಹನ್ನೊಂದು. ಅದೇ ಬುಟ್ಟಿ, ಖಾಲಾ ಒಬ್ಬರೇ. ಒಂಬತ್ತು. ಅದೇ ಬುಟ್ಟಿ, ಇಬ್ಬರೂ ಸೇರಿ, ಬಾಯಿ ಬಿಟ್ಟು ಜಗಳವಾಡುತ್ತ. ಮೂವತ್ನಾಲ್ಕು. ಎರಡು ಸಲ ಎಣಿಸಿದೆ. ಹನ್ನೊಂದಕ್ಕೆ ಒಂಬತ್ತು ಸೇರಿದರೆ ಇಪ್ಪತ್ತು. ಉಳಿದ ಹದಿನಾಲ್ಕು ಅತ್ತೆಯವೂ ಅಲ್ಲ, ಖಾಲಾನವೂ ಅಲ್ಲ, ಅವರಿಬ್ಬರ ನಡುವಿನವು.

"ಇದಾ, ಇದಾ," ಎಂದು ಮಾಳಿಗೆಯ ಮೇಲೆ ಕುಣಿದೆ.

"ನಿನ್ನ ಸೊಸೀಗೆ ಬಿಸಲಿಗೆ ತಲಿ ತಿರಗೇತಿ, ನೀರು ಕೊಡು," ಎಂದರು ಖಾಲಾ.

ನೀರು ಕುಡಿಯುವಾಗ ನೋಡಿದೆ, ನನ್ನ ಹತ್ತಿರ ಕೂಸಿಲ್ಲ. ಕೆಲಸ ಮುಗಿಸಿ ಕೈ ತೊಳೆದುಕೊಂಡಿದ್ದ, ಗುಂಪಿನ ಇನ್ನೊಬ್ಬರಾದ ಮಹಮೂದಾಬೇಗಂ ಅವಳ ಟೋಪಿ ತೆಗೆದು ಆಡಿಸುತ್ತಿದ್ದರು. ಎಷ್ಟು ಹೊತ್ತಾಗಿತ್ತೋ. ವಾಪಸು ಕೇಳಲಿಲ್ಲ, ಕೆಟ್ಟ ಕಾಯಿಯನ್ನು ಮೂರನೇ ಸಲ ಎಣಿಸಿದೆ.

ಫೆಬ್ರವರಿ 3, ಸೋಮವಾರ

ಹಾವೇರಿಯಿಂದ ಫೋನ್. ಶ್ರದ್ಧಾ ಎಂಬವರು, ಕಂಪನಿಯವರು. "ಗುರುವಾರ ಹತ್ತು ಗಂಟೆಕ್ಕ ಬರ್ರಿ, ಮೂರು ಮಂದಿ. ನಿಮ್ಮ ಏಳನೇ ಉತ್ತರದ ಬಗ್ಗೆ ಕೇಳೋದದ."

ಅತ್ತೆ ರಾಗಿ ಗಂಜಿ ಕಾಯಿಸಿದ್ದರು. ಕೂಸಿಗೆ ಆರು ತಿಂಗಳು ತುಂಬಿತಂತೆ, ಇವತ್ತಿಗೆ. ನನಗೆ ನೆನಪೇ ಇರಲಿಲ್ಲ. ಎರಡು ಚಮಚ ತಿಂದಳು, ಒಂದನ್ನು ಅತ್ತೆಯ ಮುಖಕ್ಕೆ ಉಗುಳಿದಳು.

ಫೆಬ್ರವರಿ 6, ಗುರುವಾರ

ಹಾವೇರಿಗೆ ಬಸ್ಸಿನಲ್ಲಿ ಹೋಗುವಾಗ ಅತ್ತೆ, ಖಾಲಾ ನನ್ನ ಎಡಬಲಕ್ಕೆ. ಇಬ್ಬರಿಗೂ ಇಸ್ತ್ರಿ ಸೀರೆ. ಕೂಸು ಖಾಲಾನ ತೊಡೆಯ ಮೇಲೆ, ಏಕೆಂದರೆ ನಾನು ಕೈಯಲ್ಲಿ ಹೊಸ ಉತ್ತರ ಹಿಡಿದು ಬಾಯಿಪಾಠ ಮಾಡುತ್ತಿದ್ದೆ.

ಒಂದು ಹಾಲ್‌ನಲ್ಲಿ ಉದ್ದ ಮೇಜು. ಶ್ರದ್ಧಾ ನನಗಿಂತ ಸಣ್ಣವರು, ಹುಬ್ಬಳ್ಳಿಯವರು. ಮೇಜಿನ ನಡುವೆ ಗಾಜಿನ ಬರಣಿಯಲ್ಲಿ ಅಲಂಕಾರಕ್ಕೆ ಇಟ್ಟ ಕೆಂಪು ಕಾಯಿ, ಅದಕ್ಕೆ ಬ್ಯಾಡಗಿ ಎಂದು ಚೆಂದದ ಚೀಟಿ.

"ನೀವು ಮಿಶ್ರಾ ಮಾಡ್ತೀರೇನ್ರಿ?" ನೇರವಾಗಿ ಕೇಳಿದರು.

ಬಾಯಿಪಾಠ ಹಾರಿಹೋಯಿತು. "ಇಲ್ರಿ. ಅದು ನಾ ತಪ್ಪು ಬರದದ್ದು. ಅವರಿಗೆ ಇಂಗ್ಲಿಷ್ ಬರೂದಿಲ್ಲ, ನನಗ ಮೆಣಸಿನಕಾಯಿ ಬರೂದಿಲ್ಲ. ಮ್ಯಾಲ ಆ ಪದಾನೂ ತಪ್ಪು ಜಾಗಾದಾಗ ಹಾಕೇನಿ. ಕೆಂಪಿಗೆ ಖಾರ ಸೇರಿದರ ಕೆಂಪು ಮತ್ತ ಖಾರ, ಅಷ್ಟೇ. ಹೆಚ್ಚಿಗಿ ಏನೂ ಹುಟ್ಟೂದಿಲ್ಲ." ಆಮೇಲೆ ಮಾಳಿಗೆಯ ಬುಟ್ಟಿಯ ಲೆಕ್ಕ ಹೇಳಿದೆ. ಹನ್ನೊಂದು, ಒಂಬತ್ತು, ಮೂವತ್ನಾಲ್ಕು.

ಶ್ರದ್ಧಾ ಬರೆದುಕೊಳ್ಳುವಾಗ ಪಕ್ಕದಲ್ಲಿ ದನಿ ಕೇಳಿತು. ತಿರುಗಿದರೆ ಅತ್ತೆ ಆ ಗಾಜಿನ ಬರಣಿಯ ಮುಚ್ಚಳ ತೆಗೆದಿದ್ದಾರೆ.

"ಇದರಾಗ ಎರಡು ಜಾತಿ ಅದಾವ. ಈ ಕಾಯಿ ಸುಕ್ಕು ನೋಡು, ಆ ಕಾಯಿ ನೋಡು."

"ನನಗೇನು ತೋರಸ್ತಿ, ಮೂಗಿಗೆ ಹಿಡಿ," ಎಂದರು ಖಾಲಾ. "ಇದು ನಮ್ಮ ಕಡೀದಲ್ಲ. ಮ್ಯಾಲೆ ಎಣ್ಣಿ ಸವರ್ಯಾರ."

"ಅದಕ್ಕಾ ಇಷ್ಟು ಹೊಳೀತೈತಿ. ನಾ ಗಾಜಿನ ಹೊಳಪು ಅನ್ಕೊಂಡೆ."

"ಅತ್ತಿ, ಅದು ಅವರದು," ಎಂದು ಪಿಸುಗುಟ್ಟಿದೆ.

"ಯಾರದಾದರೇನು, ಸುಳ್ಳ ಚೀಟಿ ಹಚ್ಚಬಾರದು." ಅತ್ತೆ ಶ್ರದ್ಧಾರ ಕಡೆ ತಿರುಗಿದರು. "ಬೇಜಾರು ಮಾಡ್ಕೊಬ್ಯಾಡ ತಂಗಿ, ಯಾರೋ ನಿಮಗ ಮೋಸಾ ಮಾಡ್ಯಾರ."

ಶ್ರದ್ಧಾ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಬರಣಿ ಎತ್ತಿ ಮೇಜಿನ ಕೆಳಗಿಟ್ಟು, "ತಿಳಿಸ್ತೇವ್ರಿ" ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಗು ಹತ್ತಿ ನಿಲ್ಲಲೇ ಇಲ್ಲ. ನನ್ನ ನಗುವಿಗೆ ಖಾಲಾ ನಕ್ಕರು, ಖಾಲಾನ ನಗುವಿಗೆ ಅತ್ತೆ, ಅವರನ್ನು ನೋಡಿ ಕೂಸು. ಕಂಡಕ್ಟರ್ ಎರಡು ಸಲ ಬಂದು ನಿಂತು ಹೋದ. ಇಳಿಯುವ ಸ್ಟಾಪು ದಾಟಿಬಿಟ್ಟಿತ್ತು.

ಫೆಬ್ರವರಿ 11, ಮಂಗಳವಾರ

ಇವತ್ತು ಒಂದು ವಿಚಿತ್ರ. ಹನ್ನೊಂದಕ್ಕೆ ಕೂಸಿನ ಬಟ್ಟೆ ಮಡಚುತ್ತ ಮಂಚದ ಮೇಲೆ ಕೂತಿದ್ದು ನೆನಪಿದೆ. ಎದ್ದಾಗ ಗೋಡೆಯ ಮೇಲೆ ಸಂಜೆ ಬಿಸಿಲು. ಗಡಿಯಾರದಲ್ಲಿ ಐದೂಕಾಲು. ಕೆನ್ನೆಯ ಮೇಲೆ ಜಬಲಾದ ಗುಂಡಿಯ ಗುರುತು.

ಹೊರಗೆ ಬಂದರೆ ಕಟ್ಟೆಯ ಮೇಲೆ ಏಳೂ ಜನ ಸಾಲಾಗಿ ಕೂತಿದ್ದಾರೆ. ಯಾರ ಕೈಯಲ್ಲೂ ಕೆಲಸವಿಲ್ಲ. ಅತ್ತೆಯ ಮಡಿಲಲ್ಲಿ ಕೂಸು, ಬಾಯಿ ಸುತ್ತ ಒಣಗಿದ ರಾಗಿ. ಖಾಲಾನ ಕೈಯಲ್ಲಿ ನನ್ನ ಮೊಬೈಲು, ಪೂಜೆಯ ತಟ್ಟೆಯ ಹಾಗೆ ಎರಡೂ ಕೈಯಲ್ಲಿ.

"ಹನ್ನೆರಡಕ್ಕ ಬಂತು," ಎಂದರು ಅತ್ತೆ. "ಆ ಕಂಪನಿ ಎಲೀ ಗುರುತು ಐತಿ ನೋಡು. ಇಂಗ್ಲಿಷ್ ಐತಿ."

"ಹನ್ನೆರಡಕ್ಕ ಬಂದದ್ದು ಐದರ ಮಟಾ ಹಿಡಕೊಂಡು ಕುಂತೀರೇನು? ಎಬ್ಬಸಬೇಕಿತ್ತಲ್ರಿ. ಇಲ್ಲಾ ಯಾರ ಕಡೆನಾದ್ರೂ ಓದಿಸಬೇಕಿತ್ತು."

"ಮಾಲತೇಶ ಫೋನಿನ್ಯಾಗ ಹಂಗಾ ಅಂದ. ನಾ ಒಲ್ಲೆ ಅಂದೆ. ಆರು ತಿಂಗಳ ಮ್ಯಾಲ ಕಣ್ಣು ಮುಚ್ಚೀದಿ. ಹೌದು ಅಂತಿದ್ರ ಸಂಜಿಗೂ ಹೌದು ಇರ್ತೈತಿ, ಇಲ್ಲ ಅಂತಿದ್ರ ಅವಸರೇನೈತಿ?"

"ನೀ ಬರದದ್ದಕ್ಕ ಬಂದ ಉತ್ತರ, ನೀನಾ ಓದಬೇಕು," ಎಂದರು ಖಾಲಾ. ಮೊಬೈಲನ್ನು ನನ್ನ ಕಡೆ ಚಾಚಿದರು.

ಓದಿದೆ. ಮೊದಲು ಮನಸ್ಸಿನಲ್ಲಿ, ಆಮೇಲೆ ಜೋರಾಗಿ, ಕನ್ನಡದಲ್ಲಿ. ಗುಂಪನ್ನು ಆರಿಸಲಾಗಿದೆ. ಪುಡಿಯ ಜೊತೆಗೆ, ಜಿಲ್ಲೆಯಿಂದ ಕಂಪನಿ ಕೊಳ್ಳುವ ಕಾಯಿಯನ್ನೆಲ್ಲ ಪರೀಕ್ಷಿಸುವ ಕೆಲಸವನ್ನೂ ಇಬ್ಬರು ಸದಸ್ಯರಿಗೆ ವಹಿಸಲು ಬಯಸುತ್ತೇವೆ. ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಲು ಎಲ್ಲರ ಹೆಸರು, ಪ್ರತಿಯೊಬ್ಬರೂ ಮಾಡುವ ಕೆಲಸ, ನಾಳೆ ಸಂಜೆಯೊಳಗೆ ಕಳಿಸಿ.

ಮಹಮೂದಾಬೇಗಂ ಸೆರಗಿನಿಂದ ಮುಖ ಒರೆಸಿಕೊಂಡರು. ಅತ್ತೆ ಕೂಸಿನ ಕಿವಿಯಲ್ಲಿ ಏನೋ ಹೇಳಿದರು. ನಾನು ಒಳಗಿನಿಂದ ಈ ಡೈರಿ ತಂದು ಹೆಸರು ಬರೆಯತೊಡಗಿದೆ. ಮಂಗಳವ್ವ, ಬಣ್ಣ ಮತ್ತು ಸಪ್ಪಳ. ಖತೀಜಾಬಿ, ವಾಸನೆ. ಏಳು ಆದವು.

"ಎಂಟು ಬರಿ," ಎಂದರು ಅತ್ತೆ.

"ಎಂಟನೇದವರು ಯಾರ್ರಿ?"

"ಓದಿದಾಕಿ ಅಂತೀ, ತಿಳಿಯೂದಿಲ್ಲ ನಿನಗ?"

ಮೇಘಾ ಎಂದು ಬರೆದೆ. ಒಂದೇ ಸಲಕ್ಕೆ ಬರೆದೆ. ಕೆಲಸದ ಜಾಗದಲ್ಲಿ ಏನು ಹಾಕಲಿ ಎಂದು ಕೇಳಿದೆ.

"ತಪ್ಪು ಬರಿಯಾಕಿ ಅಂತ ಹಾಕು," ಎಂದರು ಖಾಲಾ.

"ತಪ್ಪು ಒಪ್ಪಾಕಿ ಅಂತ ಹಾಕು," ಎಂದರು ಅತ್ತೆ.

"ಬರೀದನ ಹೆಂಗ ಒಪ್ತಾಳ, ಮೊದಲು ಬರೀಬೇಕಲ್ಲ."

"ಒಪ್ಪಲಿಲ್ಲಂದ್ರ ಬರದದ್ದೇನು ಚಂದ?"

ದನಿ ಏರುತ್ತಿದೆ. ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತಿವೆ. ಕೂಸು ಇಬ್ಬರ ಬಾಯಿಯನ್ನೂ ಸರದಿಯ ಮೇಲೆ ನೋಡುತ್ತಿದೆ. ನಾನು ಆ ಜಾಗ ಖಾಲಿ ಬಿಟ್ಟು ಇದನ್ನೆಲ್ಲ ಬರೆಯುತ್ತ ಕಟ್ಟೆಯ ಮೇಲೆ ಕೂತಿದ್ದೇನೆ. ನಾಳೆ ಸಂಜೆಯವರೆಗೆ ಸಮಯವಿದೆ. ಇಬ್ಬರೂ ಒಪ್ಪಲಿ, ಆಮೇಲೆ ತುಂಬುತ್ತೇನೆ.